ಹಳೆಯ ಕಾರು, ಹೊಸ ಹೆಸರು: ಮಾಲೀಕತ್ವ ವರ್ಗಾವಣೆಯ ಕಾಗದಪತ್ರಗಳು

ದಸರಾ, ದೀಪಾವಳಿಯ ದಿನಗಳು ಸಮೀಪಿಸಿದಂತೆ ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ವಾಹನ ಖರೀದಿಯ ಮಾತು ಆರಂಭವಾಗುತ್ತದೆ. ಹೊಸ ಕಾರಿನ ಬೆಲೆ ಕೇಳಿ ಹಿಂದೆ ಸರಿದವರು ನಾಲ್ಕೈದು ವರ್ಷ ಓಡಿದ ಕಾರೊಂದನ್ನು ನೋಡಲು ಹೋಗುತ್ತಾರೆ. ಎಂಜಿನ್ನಿನ ಸದ್ದು ಕೇಳಲು ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ಯುತ್ತಾರೆ, ಟೈರು ನೋಡುತ್ತಾರೆ, ಚೌಕಾಶಿ ಮಾಡುತ್ತಾರೆ, ಪೂಜೆ ಮಾಡಿಸಿ ಚಕ್ರದಡಿ ನಿಂಬೆಹಣ್ಣು ಇಟ್ಟು ಮನೆಗೆ ತರುತ್ತಾರೆ. ಕಾಗದಪತ್ರಗಳ ವಿಷಯ ಬಂದಾಗ ಮಾತ್ರ ‘ಅದನ್ನೆಲ್ಲ ಏಜಂಟರು ನೋಡಿಕೊಳ್ಳುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಕುರಿತು ಓದುಗ ಬಾಂಧವರು ಪದೇ ಪದೇ ವಿಚಾರಿಸುತ್ತಿರುವುದರಿಂದ, ಮಾರುವವರೂ ಕೊಳ್ಳುವವರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಿದ್ದೇವೆ.

ಮೊದಲಿಗೆ ಮೂಲ ಪ್ರಶ್ನೆ. ಕಾರಿನ ಮಾಲೀಕರು ಯಾರು? ಹಣ ಕೊಟ್ಟು ಕೀಲಿಕೈ ಪಡೆದವರು ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪೊಂದು ಇದನ್ನು ನಿಸ್ಸಂದಿಗ್ಧವಾಗಿ ಸಾರಿತು. ಆ ಪ್ರಕರಣದಲ್ಲಿ ಕಾರನ್ನು ಮೂಲ ಮಾಲೀಕರು 2007ರಲ್ಲಿಯೇ ಮಾರಿದ್ದಾಗಿ ಹೇಳಿದ್ದರು. ಅನಂತರ ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತ ಹೋಯಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಆ ಕಾರಿನಿಂದ ಅಪಘಾತ ಸಂಭವಿಸಿ ಸಾವುಂಟಾಯಿತು. ಅಪಘಾತದ ದಿನ ನೋಂದಣಿಯಲ್ಲಿ ಹೆಸರಿದ್ದ ಮೂಲ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಕೈ ಬದಲಾದ ಸರಪಳಿಯನ್ನು ಹುಡುಕಿಕೊಂಡು ಅಲೆಯುವ ಕಷ್ಟವನ್ನು ನೊಂದ ಕುಟುಂಬದ ಮೇಲೆ ಹೊರಿಸಲಾಗದು ಎಂಬುದೇ ಇದರ ಹಿಂದಿನ ತರ್ಕ. ಅದು ನ್ಯಾಯವಾದುದೇ. ಆದರೆ ಮಾರಿ ಮರೆತವರ ಪಾಡು ಏನಾಗುವುದೆಂದು ಯೋಚಿಸಬೇಕು.

ನಮ್ಮ ಬಳಗದ ಹಿರಿಯರೊಬ್ಬರಿಗೆ ಆದ ಅನುಭವವೂ ಇದೇ ಜಾತಿಯದು. ನಿವೃತ್ತರಾದ ಮೇಲೆ ಅವರು ತಮ್ಮ ಕಾರನ್ನು ದಲ್ಲಾಳಿಯೊಬ್ಬನಿಗೆ ಮಾರಿದರು. ಆತ ತಂದ ಫಾರ್ಮುಗಳಿಗೆ, ಕೊಳ್ಳುವವರ ಹೆಸರಿನ ಜಾಗ ಖಾಲಿ ಇದ್ದಂತೆಯೇ, ಸಹಿ ಹಾಕಿಕೊಟ್ಟರು. ‘ಗಿರಾಕಿ ಸಿಕ್ಕ ಕೂಡಲೇ ತುಂಬಿಕೊಳ್ಳುತ್ತೇನೆ ಅಂಕಲ್’ ಎಂದನಂತೆ. ಒಂದೂವರೆ ವರ್ಷ ಕಳೆದ ಮೇಲೆ, ಅವರು ಎಂದೂ ಕಾಲಿಡದ ಹೆದ್ದಾರಿಯ ದಂಡದ ಸಂದೇಶಗಳು ಅವರ ಮೊಬೈಲಿಗೆ ಬರತೊಡಗಿದವು. ಅದರ ಬೆನ್ನಿಗೇ ಪೊಲೀಸ್ ಠಾಣೆಯಿಂದ ಕರೆ ಬಂತು. ದಲ್ಲಾಳಿಯ ಅಂಗಡಿ ಇದ್ದ ಜಾಗದಲ್ಲಿ ಆಗ ಮೊಬೈಲು ರಿಪೇರಿಯ ಅಂಗಡಿ ಇತ್ತು. ಎಪ್ಪತ್ತರ ವಯಸ್ಸಿನಲ್ಲಿ ಅವರು ಠಾಣೆಯ ಬೆಂಚಿನ ಮೇಲೆ ಕುಳಿತ ಆ ದಿನಗಳನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಖಾಲಿ ಫಾರ್ಮಿಗೆ ಸಹಿ ಹಾಕುವುದೂ ಖಾಲಿ ಚೆಕ್ಕಿಗೆ ಸಹಿ ಹಾಕುವುದೂ ಒಂದೇ ಎಂದು ಈಗ ಅವರೇ ಎಲ್ಲರಿಗೂ ಹೇಳುತ್ತಾರೆ.

ಒಂದೇ ರಾಜ್ಯದೊಳಗಿನ ವರ್ಗಾವಣೆ

ಕಾಯ್ದೆಯ 50ನೇ ಕಲಮು ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ. ವಾಹನವು ಅದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರ್ಗಾವಣೆಯನ್ನು ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಾವು ವಾಸಿಸುವ ಪ್ರದೇಶದ ಆರ್‌ಟಿಓಗೆ ಅರ್ಜಿ ಸಲ್ಲಿಸಬೇಕು. ಮಾರುವವರ ತಿಳಿವಳಿಕೆ ಪತ್ರವೇ ಫಾರ್ಮ್ 29. ಇಬ್ಬರೂ ಸಹಿ ಹಾಕುವ ವರ್ಗಾವಣೆಯ ಅರ್ಜಿಯೇ ಫಾರ್ಮ್ 30. ಇವುಗಳೊಂದಿಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಕೊಳ್ಳುವವರ ವಿಳಾಸದ ದಾಖಲೆ, ಪ್ಯಾನ್ ಕಾರ್ಡಿನ ಪ್ರತಿ, ಭಾವಚಿತ್ರಗಳು ಬೇಕು. ಚಾಸಿ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನೂ ಕೇಳುವುದುಂಟು. ಈ ಅಚ್ಚನ್ನು ವ್ಯವಹಾರ ಕುದುರುವ ಮೊದಲೇ ನೀವೇ ತೆಗೆದು ಆರ್‌ಸಿಯಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡುವುದು ಲೇಸು. ಒಂದು ಅಂಕಿ ವ್ಯತ್ಯಾಸವಿದ್ದರೂ ಆ ಕಾರನ್ನು ಬಿಟ್ಟುಬಿಡಿ.

ಕೇಂದ್ರದ ನಿಯಮಾವಳಿಯಂತೆ ವರ್ಗಾವಣೆಯ ಶುಲ್ಕ ನೋಂದಣಿ ಶುಲ್ಕದ ಅರ್ಧ. 2016ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ದರಪಟ್ಟಿಯಲ್ಲಿ ಸ್ವಂತ ಬಳಕೆಯ ಸಾಧಾರಣ ಕಾರಿನ ನೋಂದಣಿಗೆ 600 ರೂಪಾಯಿ ಇತ್ತಾದ್ದರಿಂದ ವರ್ಗಾವಣೆಗೆ 300 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶುಲ್ಕ ಬೇರೆ. ಏಜಂಟರು ಕೇಳುವ ಸಾವಿರಗಟ್ಟಲೆ ಹಣದಲ್ಲಿ ಸರಕಾರಕ್ಕೆ ಸಲ್ಲುವ ಪಾಲು ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಇದೀಗ ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ತುಂಬಬಹುದು. ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದಾದ 58 ಸೇವೆಗಳನ್ನು ಕೇಂದ್ರ ಸಾರಿಗೆ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು; ಮಾಲೀಕತ್ವ ವರ್ಗಾವಣೆಯೂ ಅವುಗಳಲ್ಲೊಂದು. ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕುಳಿತರೆ ಸಾಕು. ಆದರೆ ಮಾರುವವರ ಮೊಬೈಲಿಗೂ ಗುಪ್ತಸಂಖ್ಯೆ ಬರುವುದರಿಂದ ಅವರು ಸಂಪರ್ಕದಲ್ಲಿರಬೇಕಾದುದು ಅಗತ್ಯ.

ಪುಣೆಯಿಂದ ಮುಂಬಯಿಗೆ ತಂದ ಕಾರಿನ ಎಂಎಚ್-12 ಸಂಖ್ಯೆ ಹಾಗೆಯೇ ಉಳಿಯುತ್ತದೆ, ರಾಜ್ಯದೊಳಗೆ ಸಂಖ್ಯೆ ಬದಲಾಗುವುದಿಲ್ಲ.

ಬ್ಯಾಂಕಿನ ಸಾಲದ ಮೇಲೆ ಕೊಂಡ ಕಾರಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ದಾಖಲಾಗಿರುತ್ತದೆ. ಸಾಲ ತೀರಿ ವರ್ಷಗಳಾದರೂ ಆ ಹೆಸರನ್ನು ತೆಗೆಸಲು ಅನೇಕರು ಮರೆತಿರುತ್ತಾರೆ. ಬ್ಯಾಂಕಿನ ಋಣಮುಕ್ತಿ ಪತ್ರ ಹಾಗೂ ಬ್ಯಾಂಕಿನ ಮೊಹರು ಬಿದ್ದ ಫಾರ್ಮ್ 35 ಸಲ್ಲಿಸಿ ಅದನ್ನು ರದ್ದುಗೊಳಿಸಿದ ಮೇಲೆಯೇ ವರ್ಗಾವಣೆ ಸುಸೂತ್ರವಾಗುತ್ತದೆ. ಈ ಬಾಬ್ತು ಮಾರುವವರದು. ಮುಂಗಡ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಊರಿನ ಕಾರು ಮುಂಬಯಿಗೆ ಬಂದಾಗ

ನಮ್ಮವರಿಗೆ ಅತಿ ಹೆಚ್ಚು ತೊಡಕಾಗುವುದು ಇಲ್ಲಿಯೇ. ಉಡುಪಿಯಲ್ಲಿರುವ ಚಿಕ್ಕಪ್ಪನವರು ತಮ್ಮ ಕೆಎ-20 ಸಂಖ್ಯೆಯ ಕಾರನ್ನು ಡೊಂಬಿವಲಿಯ ಅಣ್ಣನ ಮಗನಿಗೆ ಕಡಿಮೆ ಬೆಲೆಗೆ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಮನೆಯೊಳಗಿನ ವ್ಯವಹಾರವಾದ್ದರಿಂದ ಯಾರೂ ಕಾಗದ ಬರೆಯುವುದಿಲ್ಲ. ಬೇಸಿಗೆ ರಜೆ ಮುಗಿಸಿ ಬರುವಾಗ ಹುಡುಗ ಕಾರನ್ನು ಓಡಿಸಿಕೊಂಡೇ ಬರುತ್ತಾನೆ. ‘ಹನ್ನೆರಡು ತಿಂಗಳು ಯಾರೂ ಕೇಳುವುದಿಲ್ಲ’ ಎಂಬ ನಂಬಿಕೆ ಬೇರೆ.

ಈ ಹನ್ನೆರಡು ತಿಂಗಳ ಲೆಕ್ಕದಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ಸಂಖ್ಯೆ ಪಡೆಯಬೇಕೆಂದು 47ನೇ ಕಲಮು ಹೇಳುವುದು ನಿಜ. ಅದು ಮಾಲೀಕರೇ ತಮ್ಮ ಕಾರಿನೊಂದಿಗೆ ನೌಕರಿಯ ನಿಮಿತ್ತ ಬಂದಾಗ ಅನುಕೂಲಕ್ಕೆ ಬರುವ ಮಾತು. ಕಾರು ಕೈ ಬದಲಾಯಿಸಿದ ಕೂಡಲೇ 50ನೇ ಕಲಮಿನ ಗಡುವು ಓಡತೊಡಗುತ್ತದೆ. ಅಲ್ಲಿ ಹನ್ನೆರಡು ತಿಂಗಳ ಸವಲತ್ತಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ವಾಹನವಾದರೆ ಮಾರುವವರು 45 ದಿನಗಳೊಳಗೆ ನಿರಾಕ್ಷೇಪಣಾ ಪತ್ರವನ್ನು, ಅಂದರೆ ಎನ್‌ಒಸಿಯನ್ನು, ಒದಗಿಸಬೇಕು.

ಎನ್‌ಒಸಿಗೆ ಉಡುಪಿಯ ಆರ್‌ಟಿಓ ಕಚೇರಿಯಲ್ಲಿ ಫಾರ್ಮ್ 28 ಸಲ್ಲಿಸಬೇಕು. ತೆರಿಗೆ ಬಾಕಿ, ಸಂಚಾರ ದಂಡದ ಬಾಕಿ, ಬ್ಯಾಂಕಿನ ಹಕ್ಕು ಯಾವುದೂ ಉಳಿದಿರಬಾರದು. ವಾಹನ ಕಳವಿನ ಪಟ್ಟಿಯಲ್ಲಿಲ್ಲವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಿಂದ ವರದಿಯನ್ನು ಯಾರು ಬೇಕಾದರೂ ಪಡೆಯಬಹುದು. ಅಪರಿಚಿತರಿಂದ ಕೊಳ್ಳುವವರಂತೂ ಮುಂಗಡಕ್ಕೆ ಮೊದಲೇ ಇದನ್ನು ನೋಡತಕ್ಕದ್ದು. ಅರ್ಜಿ ಸಲ್ಲಿಸಿದ 30 ದಿನಗಳೊಳಗೆ ಕಚೇರಿಯು ಪತ್ರ ಕೊಡಬೇಕು, ಇಲ್ಲವೇ ನಿರಾಕರಣೆಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಎರಡೂ ಆಗದಿದ್ದರೆ ಪತ್ರ ದೊರೆತಂತೆಯೇ ಎಂದು 48ನೇ ಕಲಮು ಹೇಳುತ್ತದೆ. ಈ ಮಾತನ್ನು ಕೌಂಟರಿನ ಮುಂದೆ ವಾದಿಸುವುದಕ್ಕಿಂತ ಸ್ವೀಕೃತಿ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಎನ್‌ಒಸಿ ಕೈಸೇರಿದ ಬಳಿಕ ಕಲ್ಯಾಣದ ಆರ್‌ಟಿಓದಲ್ಲಿ ಕೆಲಸ. ಹೊಸ ಸಂಖ್ಯೆಗಾಗಿ ಫಾರ್ಮ್ 27, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಮೋಟಾರು ವಾಹನ ನಿರೀಕ್ಷಕರು ಕಾರನ್ನು ಕಣ್ಣಾರೆ ನೋಡುತ್ತಾರೆ. ಕಾರಿನ ವಯಸ್ಸಿಗೆ ತಕ್ಕಂತೆ ಇಳಿಯುವ ದರದಲ್ಲಿ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕಾಗುತ್ತದೆ. ತೆರಿಗೆಯ ಲೆಕ್ಕಕ್ಕೆ ಮೊದಲ ಖರೀದಿಯ ಬಿಲ್ಲು ಕೇಳುತ್ತಾರೆ; ಚಿಕ್ಕಪ್ಪನವರ ಕಪಾಟಿನಲ್ಲಿ ಅದು ಇದೆಯೇ ಎಂದು ಊರಲ್ಲಿದ್ದಾಗಲೇ ಹುಡುಕಿಸಿ. ಎಲ್ಲ ಮುಗಿದರೆ ಕಾರಿಗೆ ಎಂಎಚ್-05 ಸಂಖ್ಯೆ ಬರುತ್ತದೆ, ಅದರೊಂದಿಗೆ ಹೊಸ ಅತಿ ಸುರಕ್ಷಿತ ಫಲಕವೂ ಬೇಕಾಗುತ್ತದೆ.

ಅಗ್ಗವೆಂದು ಕೊಂಡ ಕಾರು ತೆರಿಗೆ ಸೇರಿದ ಮೇಲೆ ಅಗ್ಗವಾಗಿ ಉಳಿಯುವುದೇ ಎಂದು ಮೊದಲೇ ಲೆಕ್ಕ ಹಾಕಬೇಕು. ಹತ್ತು ವರ್ಷ ದಾಟಿದ ಸಣ್ಣ ಕಾರನ್ನು ರಾಜ್ಯ ದಾಟಿಸಿ ತರುವುದು ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಲಾಭದಾಯಕವಲ್ಲ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ ಎಂಬುದು ನಿಜ. ಅದಕ್ಕೆ ಮಹಾರಾಷ್ಟ್ರದ ಹೊಸ ಆರ್‌ಸಿಯ ಪ್ರತಿಯೊಂದಿಗೆ ಮೂಲ ಕಚೇರಿಗೆ ಅರ್ಜಿ ಹಾಕಬೇಕು. ಹಾಗೆ ಬರುವ ಹಣ ಚಿಕ್ಕಪ್ಪನವರದೋ ಮಗನದೋ ಎಂಬುದನ್ನು ಮಾರಾಟದ ಪತ್ರದಲ್ಲೇ ಬರೆದಿಟ್ಟರೆ ಮುಂದೆ ಮದುವೆ ಮುಂಜಿಗಳಲ್ಲಿ ಮುಖ ತಿರುಗಿಸುವ ಪ್ರಸಂಗ ಬರುವುದಿಲ್ಲ.

ವಿಮೆಯಲ್ಲಿ ಅಡಗಿದ ಮೋಸ

‘ವಿಮೆ ಮುಂದಿನ ಮಾರ್ಚಿನವರೆಗೆ ಇದೆ’ ಎಂದು ಮಾರುವವರು ಹೇಳುತ್ತಾರೆ. ಇದು ಅರ್ಧ ಸತ್ಯ. ಕಾಯ್ದೆಯ 157ನೇ ಕಲಮಿನಂತೆ ಮೂರನೆಯವರಿಗೆ ಆಗುವ ಹಾನಿಯ ವಿಮೆಯು ಕಾರಿನ ಜೊತೆಯಲ್ಲೇ ಕೊಂಡವರಿಗೆ ದಾಟಿಬರುತ್ತದೆ. ಆದರೆ ಕಾರಿಗೇ ಆಗುವ ಹಾನಿಯ ಭಾಗ ತಾನಾಗಿ ದಾಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೊಂಬತ್ತರ ದಶಕದಲ್ಲಿಯೇ ಸ್ಪಷ್ಟಪಡಿಸಿದೆ. ಕೊಂಡವರು 14 ದಿನಗಳೊಳಗೆ ವಿಮಾ ಕಂಪೆನಿಗೆ ಅರ್ಜಿ ಸಲ್ಲಿಸಿ ಪಾಲಿಸಿಯಲ್ಲಿ ತಮ್ಮ ಹೆಸರು ಬರೆಸಿಕೊಳ್ಳಬೇಕು. ಆರ್‌ಸಿ ಬದಲಾಗಿ, ಪಾಲಿಸಿ ಹಳೆಯ ಹೆಸರಿನಲ್ಲೇ ಇದ್ದು, ಮಳೆಗಾಲದ ನೆರೆಯಲ್ಲಿ ಕಾರು ಮುಳುಗಿದರೆ ಕಂಪೆನಿಯು ಪರಿಹಾರವನ್ನು ನಿರಾಕರಿಸಬಹುದು. ಮುಂಬಯಿಯ ಮಳೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಕ್ಕು ಕೇಳದ ವರ್ಷಗಳಿಗೆ ಸಿಗುವ ನೋ ಕ್ಲೈಮ್ ಬೋನಸ್ ಎಂಬ ರಿಯಾಯಿತಿಯು ಶೇಕಡಾ 20ರಿಂದ ಆರಂಭವಾಗಿ 50ರವರೆಗೆ ಏರುತ್ತದೆ. ಅದು ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಆದ್ದರಿಂದ ಪಾಲಿಸಿ ವರ್ಗಾವಣೆಯಾಗುವಾಗ ಉಳಿದ ಅವಧಿಗೆ ಆ ರಿಯಾಯಿತಿಯ ಮೊತ್ತವನ್ನು ಕೊಂಡವರು ತುಂಬಿಕೊಡಬೇಕಾಗುತ್ತದೆ. ಮಾರಿದವರು ತಮ್ಮ ಕಂಪೆನಿಯಿಂದ ಪ್ರಮಾಣಪತ್ರ ಪಡೆದು ಮುಂದಿನ ಕಾರಿಗೆ ಅದನ್ನು ಬಳಸಬಹುದು. ಐವತ್ತು ಶೇಕಡಾ ತಲುಪಿದ ರಿಯಾಯಿತಿಯನ್ನು ಕೇಳದೆಯೇ ಕಳೆದುಕೊಂಡ ಸದಸ್ಯರು ನಮ್ಮಲ್ಲಿ ಬಹಳ. ಮಾಲೀಕ ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯನ್ನೂ ಹೊಸ ಮಾಲೀಕರು ತಮ್ಮ ಹೆಸರಿನಲ್ಲಿ ಹೊಂದಿರಬೇಕು.

ಮನೆಯ ಯಜಮಾನರು ತೀರಿಕೊಂಡಾಗ

ಇದು ಹೇಳಲು ಹಿತವಲ್ಲದ, ಆದರೆ ಬಿಡಲಾಗದ ವಿಷಯ. ತಂದೆಯವರ ಕಾಲಾನಂತರ ಕಾರು ಅವರ ಹೆಸರಿನಲ್ಲಿಯೇ ವರ್ಷಗಟ್ಟಲೆ ಓಡುವುದನ್ನು ಕಾಣುತ್ತೇವೆ. ಉತ್ತರಾಧಿಕಾರಿಯು 30 ದಿನಗಳೊಳಗೆ ಮರಣವನ್ನೂ ಕಾರನ್ನು ಬಳಸುವ ಇಚ್ಛೆಯನ್ನೂ ಆರ್‌ಟಿಓಗೆ ತಿಳಿಸಿದರೆ ಮೂರು ತಿಂಗಳವರೆಗೆ ಬಳಸಬಹುದು. ಆ ಅವಧಿಯೊಳಗೆ ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ ಮುಂತಾದವು ಬೇಕಾಗುತ್ತವೆ. ಮಕ್ಕಳು ಒಬ್ಬರು ಬೆಂಗಳೂರಲ್ಲಿ, ಒಬ್ಬರು ಅಮೆರಿಕದಲ್ಲಿ ಇರುವ ಮನೆಗಳಲ್ಲಿ ಈ ಸಹಿಗಳನ್ನು ಕೂಡಿಸುವುದೇ ದೊಡ್ಡ ಕೆಲಸ. 2021ರಿಂದ ಆರ್‌ಸಿಯಲ್ಲಿ ನಾಮನಿರ್ದೇಶಿತರ ಹೆಸರನ್ನು ಸೇರಿಸಲು ಅವಕಾಶ ಕಲ್ಪಿಸಲಾಗಿದೆ. ಈಗಾಗಲೇ ಕಾರಿರುವವರೂ ಸೇರಿಸಬಹುದು. ಬ್ಯಾಂಕ್ ಖಾತೆಗೆ ಮಾಡಿದ ಏರ್ಪಾಟನ್ನು ಕಾರಿಗೂ ಮಾಡಿಡುವಂತೆ ನಮ್ಮ ಹಿರಿಯ ಸದಸ್ಯರನ್ನು ವಿನಂತಿಸುತ್ತೇವೆ.

ವ್ಯಾಪಾರಿಗೆ ಮಾರುವಾಗ

2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ ಜಾರಿಗೆ ಬಂದಿದೆ. ಇಂತಹ ಅಧಿಕೃತ ವ್ಯಾಪಾರಿಗೆ ಕಾರನ್ನು ಒಪ್ಪಿಸುವಾಗ ಫಾರ್ಮ್ 29ಸಿ ಮೂಲಕ ಆರ್‌ಟಿಓಗೆ ತಿಳಿಸಿದರೆ, ಕಾರು ಮುಂದಿನ ಗಿರಾಕಿಗೆ ಹೋಗುವವರೆಗೆ ಆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ನಮ್ಮ ಹಿರಿಯರು ಕಾರು ಮಾರಿದ ಕಾಲಕ್ಕೆ ಈ ನಿಯಮ ಇರಲಿಲ್ಲ. ಇಂದು ಮಾರುವವರು ಅಧಿಕಾರಪತ್ರ ತೋರಿಸಲು ಕೇಳಬೇಕು. ತೋರಿಸದವರೊಡನೆ ವ್ಯವಹಾರ ಬೇಡ.

15 ವರ್ಷಕ್ಕೆ ಹತ್ತಿರವಾದ ಕಾರನ್ನು ಕೊಳ್ಳುವವರು ನೋಂದಣಿಯ ನವೀಕರಣ ಶುಲ್ಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2022ರ ಏಪ್ರಿಲಿನಿಂದ ಕಾರಿಗೆ ಅದು 5,000 ರೂಪಾಯಿ ಆಯಿತು. ಕೇಂದ್ರ ನೌಕರರು ಮುಂತಾದವರು ಪಡೆಯುವ ಬಿಎಚ್ ಸರಣಿಯ ಕಾರನ್ನು ಆ ಅರ್ಹತೆ ಇಲ್ಲದವರು ಕೊಂಡರೆ ಅದನ್ನು ಸಾಮಾನ್ಯ ನೋಂದಣಿಗೆ ಬದಲಾಯಿಸಿ ರಾಜ್ಯದ ತೆರಿಗೆ ಕಟ್ಟಬೇಕು.

ಕೀಲಿಕೈ ಕೊಡುವ ದಿನ ಎರಡು ಪ್ರತಿಗಳಲ್ಲಿ ಒಂದು ಒಪ್ಪಿಸುವಿಕೆಯ ಪತ್ರ ಬರೆದು ಇಬ್ಬರೂ ಸಹಿ ಹಾಕಿರಿ. ಅದರಲ್ಲಿ ದಿನಾಂಕವಷ್ಟೇ ಅಲ್ಲ, ಗಂಟೆಯನ್ನೂ ನಮೂದಿಸಿರಿ. ಅದೇ ಸಂಜೆ ಏನಾದರೂ ಸಂಭವಿಸಿದರೆ ಕಾರು ಯಾರ ಕೈಯಲ್ಲಿತ್ತೆಂದು ತೋರಿಸಲು ಇರುವ ಆಧಾರ ಅದೊಂದೇ. ಹಣ ಚೆಕ್ಕಿನಲ್ಲಿಯೋ ಬ್ಯಾಂಕಿನ ಮೂಲಕವೋ ಸಂದಾಯವಾಗಲಿ. ಆದರೆ ಈ ಪತ್ರವು ಆರ್‌ಟಿಓ ದಾಖಲೆಗೆ ಪರ್ಯಾಯವಲ್ಲ. ಹದಿನೈದು ದಿನಕ್ಕೊಮ್ಮೆ ಪರಿವಾಹನ್ ಜಾಲತಾಣದಲ್ಲಿ ಕಾರಿನ ಸಂಖ್ಯೆ ಹಾಕಿ, ಮಾಲೀಕರ ಹೆಸರು ಬದಲಾಗಿದೆಯೇ ಎಂದು ನೋಡುತ್ತಿರಿ. ಜೊತೆಗೆ, ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಬ್ಯಾಂಕಿಗೆ ತಿಳಿಸಿ ಮುಚ್ಚಿಸಲು ಮರೆಯದಿರಿ. ಇಲ್ಲವಾದರೆ ಹೊಸ ಮಾಲೀಕರು ಖಾಲಾಪುರದ ಟೋಲ್ ದಾಟಿದಾಗಲೆಲ್ಲ ಹಣ ನಿಮ್ಮ ಖಾತೆಯಿಂದಲೇ ಕಡಿತವಾಗುತ್ತಿರುತ್ತದೆ.