‘ಹಿಸ್ಟೋರಿಯಾ’ ಶಬ್ದದ ಮೂಲಾರ್ಥ

ಇಂಗ್ಲಿಷಿನ ‘ಹಿಸ್ಟರಿ’ಗೆ ನಾವು ‘ಇತಿಹಾಸ’ವೆಂಬ ಸಂಸ್ಕೃತ ಶಬ್ದವನ್ನು ಸಮಾನಾರ್ಥಕವಾಗಿ ಬಳಸುತ್ತ ಬಂದಿದ್ದೇವೆ. ‘ಇತಿ ಹ ಆಸ’ ಎಂದರೆ ‘ಹೀಗೆ ಇದ್ದಿತು’ ಎಂದರ್ಥ. ಅದು ಗತಿಸಿದುದನ್ನು ಕುರಿತ ಮಾತು. ‘ಹಿಸ್ಟರಿ’ಗೆ ಮೂಲವಾದ ಗ್ರೀಕರ ‘ಹಿಸ್ಟೋರಿಯಾ’ದಲ್ಲಾದರೋ ಭೂತಕಾಲದ ಸೂಚನೆಯೇ ಮೊದಲಿಗೆ ಇರಲಿಲ್ಲ.

ಆ ಶಬ್ದ ಹುಟ್ಟಿದ್ದು ‘ಹಿಸ್ಟೋರ್’ ಎಂಬುದರಿಂದ. ಹೋಮರನ ‘ಇಲಿಯಡ್’ ಕಾವ್ಯದ 18ನೆಯ ಸರ್ಗದಲ್ಲಿ ಅಖಿಲೀಸನ ಗುರಾಣಿಯ ವರ್ಣನೆ ಬರುತ್ತದೆ. ಅದರ ಮೇಲೆ ಕೆತ್ತಿದ ಒಂದು ದೃಶ್ಯದಲ್ಲಿ, ಹತನಾದವನೊಬ್ಬನ ಪ್ರಾಣಕ್ಕೆ ತೆರಬೇಕಾದ ಪರಿಹಾರಧನದ ಬಗ್ಗೆ ಇಬ್ಬರು ವ್ಯಾಜ್ಯವಾಡುತ್ತ, ‘ಹಿಸ್ಟೋರ್’ನ ಮುಂದೆ ತೀರ್ಮಾನವಾಗಲೆಂದು ಬಯಸುತ್ತಾರೆ. 23ನೆಯ ಸರ್ಗದಲ್ಲಿ ರಥಸ್ಪರ್ಧೆಯನ್ನು ನೋಡುತ್ತಿದ್ದ ಇಬ್ಬರು ವೀರರು, ಯಾರ ಕುದುರೆಗಳು ಮುಂದಿವೆಯೆಂದು ಕಲಹಕ್ಕೆ ನಿಲ್ಲುತ್ತಾರೆ. ಅವರಲ್ಲೊಬ್ಬನು ಪಣಕಟ್ಟಿ ಅಗಮೆಮ್ನಾನನನ್ನೇ ‘ಹಿಸ್ಟೋರ್’ ಆಗಿ ಸೂಚಿಸುತ್ತಾನೆ. ಬಲ್ಲವನು, ಸಾಕ್ಷಿ, ನಿರ್ಣಾಯಕ ಎಂಬ ಮೂರೂ ಅರ್ಥಚ್ಛಾಯೆಗಳು ಈ ಒಂದು ಪದದಲ್ಲಿ ಕೂಡಿವೆ.

ಬಿಯೋಷಿಯಾ ಪ್ರಾಂತದ ಶಾಸನಗಳಲ್ಲಿ ಸಾಕ್ಷಿದಾರರನ್ನು ಹೇಳುವಾಗ ಇದೇ ಪದವು ಆದಿಯ ವಕಾರವನ್ನು ಉಳಿಸಿಕೊಂಡು ‘ವಿಸ್ಟೋರ್’ ಎಂದಿರುವುದು ಗಮನಾರ್ಹ. ಬೇರೆಡೆ ಲೋಪವಾದ ಈ ವಕಾರದಿಂದಲೇ ಧಾತುವಿನ ಗುರುತು ಸಿಕ್ಕುತ್ತದೆ. ಅದು ಸಂಸ್ಕೃತದ ‘ವಿದ್’ ಧಾತುವಿನ ಸಹೋದರ. ‘ಬಲ್ಲೆನು’ ಎಂಬರ್ಥದ ಗ್ರೀಕ್ ‘ಓಯ್ದ’ವೂ ಅದೇ ಅರ್ಥದ ಸಂಸ್ಕೃತ ಕ್ರಿಯಾಪದ ‘ವೇದ’ವೂ ಒಂದೇ ರೂಪದ ಎರಡು ಕವಲುಗಳು. ಗ್ರೀಕಿನಲ್ಲಿ ‘ಇದೇಯ್ನ್’ ಎಂದರೆ ಕಾಣುವುದು. ‘ಎಯ್ದೊಸ್’, ‘ಇದೇಯಾ’ ಎಂದರೆ ಕಂಡ ಆಕಾರ. ಕಂಡವನೇ ಬಲ್ಲವನು ಎಂಬ ಭಾವ ಈ ಪದಕುಟುಂಬದ ತಳದಲ್ಲಿದೆ.

ಕ್ರಿ.ಪೂ. 5ನೆಯ ಶತಮಾನದ ಹಿರೊಡೋಟಸನು ತನ್ನ ಗ್ರಂಥವನ್ನು ‘ಹಿಸ್ಟೋರಿಯೇ’ ಎಂದು, ಅಂದರೆ ತನ್ನ ವಿಚಾರಣೆಯ ಫಲವೆಂದು ಕರೆದನು. ಈಜಿಪ್ಟಿನ ವೃತ್ತಾಂತದ ನಡುವೆ ಆತ ಒಂದೆಡೆ ನಿಂತು, ಇದುವರೆಗಿನದು ನಾನು ಕಂಡು, ತರ್ಕಿಸಿ, ವಿಚಾರಿಸಿ ಹೇಳಿದ್ದು. ಇನ್ನು ಮುಂದಿನದು ಅಲ್ಲಿಯವರಿಂದ ಕೇಳಿದ್ದು ಎಂದು ಗೆರೆ ಎಳೆಯುತ್ತಾನೆ. ನಮ್ಮಲ್ಲಿ ಶಾಸನವನ್ನೂ ಐತಿಹ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ಗೆರೆಯನ್ನು ಎಷ್ಟು ನೋಡಿದರೂ ಕಡಮೆಯೇ. ಆತನ ಬೆನ್ನಿಗೇ ಬಂದ ಥುಸಿಡಿಡೀಸನಾದರೋ ತನ್ನ ಯುದ್ಧವೃತ್ತಾಂತದಲ್ಲಿ ಈ ಶಬ್ದವನ್ನು ಬಳಸುವುದೇ ಇಲ್ಲ!

ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಅನ್ವೇಷಣೆಗೂ ಇದೇ ಶಬ್ದವನ್ನು ಬಳಸಿದನು. ಆದರೆ ಆತನೇ ಕಾವ್ಯಮೀಮಾಂಸೆಯ 9ನೆಯ ಅಧ್ಯಾಯದಲ್ಲಿ, ನಡೆದುದನ್ನು ಹೇಳುವವನು ಹಿಸ್ಟೋರಿಯಾಕಾರ, ನಡೆಯಬಹುದಾದುದನ್ನು ಹೇಳುವವನು ಕವಿ ಎಂದು ವಿಂಗಡಿಸುವಾಗ ಇಂದಿನ ಅರ್ಥ ಆಗಲೇ ಮೂಡಿದೆ. ಲ್ಯಾಟಿನ್ನಿನ ಮೂಲಕ ಯುರೋಪಿಗೆ ಮುಖ್ಯವಾಗಿ ಸಂದದ್ದು ಈ ಅರ್ಥವೇ.

ಹಳೆಯ ಅರ್ಥವೂ ಬೇಗನೆ ಅಳಿಯಲಿಲ್ಲ. ರೋಮನ್ ಆಳ್ವಿಕೆಯ ಕಾಲದಲ್ಲಿ ಈಜಿಪ್ಟಿನ ರಾಜರ ಕಣಿವೆಯ ಸಮಾಧಿಗಳನ್ನು ನೋಡಬಂದ ಗ್ರೀಕ್ ಯಾತ್ರಿಕರು ಗೋಡೆಗಳ ಮೇಲೆ ತಮ್ಮ ಹೆಸರು ಗೀಚಿ, ಪಕ್ಕದಲ್ಲಿ ‘ಹಿಸ್ಟೋರೇಸ’ ಎಂದು ಬರೆದರು: ‘ನಾನು ಬಂದು ಕಂಡೆನು.’