ಹೆರಿಗೆ ದಾಖಲೆಯಲ್ಲಿ ಹೃದ್ರೋಗದ ಬೇರು: ಮೈಸೂರಿನ ಅಧ್ಯಯನಗಳ ಚರಿತ್ರೆ

ಹೃದ್ರೋಗವೆಂದರೆ ನಡುವಯಸ್ಸು ದಾಟಿದವರ ಕಾಯಿಲೆ ಎಂದೇ ವೈದ್ಯಲೋಕ ಬಹುಕಾಲ ನಂಬಿತ್ತು. ಕೊರಿಯಾ ಯುದ್ಧ ಆ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಶವಪರೀಕ್ಷೆ ನಡೆಸಿದ ಎನೋಸ್, ಹೋಮ್ಸ್ ಮತ್ತು ಬೇಯರ್ 1953ರಲ್ಲಿ ವರದಿ ಪ್ರಕಟಿಸಿದರು. ಸತ್ತವರ ಸರಾಸರಿ ವಯಸ್ಸು 22, ಶೇ. 77ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು.

ಹಾಗಾದರೆ ಇದು ಯಾವ ವಯಸ್ಸಿಗೆ ಮೊದಲಾಗುತ್ತದೆ? ಉತ್ತರ ಹುಡುಕಲು ಜೆರಾಲ್ಡ್ ಬೆರೆನ್ಸನ್ ಶಾಲೆಗಳಿಗೇ ಹೋದರು. ತಾವು ಹುಟ್ಟಿದ ಲೂಯಿಸಿಯಾನದ ಬೊಗಲೂಸ ಪಟ್ಟಣದಲ್ಲಿ 1973ರಿಂದ ಮಕ್ಕಳ ಬಿಪಿ, ಕೊಲೆಸ್ಟರಾಲ್, ತೂಕಗಳನ್ನು ದಾಖಲಿಸುತ್ತ ಬಂದರು. ಹೆಚ್ಚಾಗಿ ಅಪಘಾತಗಳಲ್ಲಿ ತೀರಿಕೊಂಡ, 2ರಿಂದ 39 ವರ್ಷದೊಳಗಿನ 204 ಮಂದಿಯ ಶವಪರೀಕ್ಷೆಯ ಫಲಿತಾಂಶ 1998ರಲ್ಲಿ ಹೊರಬಿತ್ತು. ಬದುಕಿದ್ದಾಗ ತೂಕ, ಬಿಪಿ, ಕೊಬ್ಬಿನಂಥ ಅಪಾಯಗಳು ಹೆಚ್ಚು ಕೂಡಿಕೊಂಡಿದ್ದಷ್ಟೂ ರಕ್ತನಾಳದ ಹಾನಿ ಹೆಚ್ಚಾಗಿತ್ತು. ಬೊಜ್ಜಿನ ಮಗುವೇ ಅಪಾಯದ ಮಗು ಎಂಬ ಇಂದಿನ ಸಾಮಾನ್ಯ ತಿಳಿವಳಿಕೆಗೆ ಈ ಪರಂಪರೆಯೇ ಬುನಾದಿ.

ಮೈಸೂರಿನ ಕಥೆ ಇಷ್ಟು ಸರಳವಲ್ಲ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಹೆರಿಗೆಯ ವಿವರ ಬರೆದಿಡಲಾಗುತ್ತಿತ್ತು: ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ. ಇದರ ಉಪಯೋಗ ಹೆರಿಗೆ ಕೋಣೆಯಾಚೆಗೆ ಇದ್ದೀತೆಂದು ಬರೆದವರು ಎಣಿಸಿರಲಿಕ್ಕಿಲ್ಲ. ಹುಟ್ಟುವಾಗಿನ ಬೆಳವಣಿಗೆಗೂ ಮುಂದಿನ ಹೃದ್ರೋಗಕ್ಕೂ ನಂಟಿದೆ ಎಂದು ಇಂಗ್ಲೆಂಡಿನ ಹಳೆಯ ದಾಖಲೆಗಳಿಂದ ವಾದಿಸಿದ್ದ ಡೇವಿಡ್ ಬಾರ್ಕರ್ ಅವರ ಸೌತಾಂಪ್ಟನ್ ತಂಡಕ್ಕೆ ಈ ಪುಸ್ತಕಗಳು ನಿಧಿಯಂತೆ ಸಿಕ್ಕವು. ಮನೆಮನೆ ಸಮೀಕ್ಷೆ ಮಾಡಿ, ದಾಖಲೆಯಲ್ಲಿದ್ದ ಕೂಸುಗಳು ಈಗ ಯಾರು ಎಂದು ಪತ್ತೆಹಚ್ಚಲಾಯಿತು.

1934–54ರ ನಡುವೆ ಹುಟ್ಟಿದ 517 ಮಂದಿಯ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡ್ ಮತ್ತು ಮೇಲ್ಪಟ್ಟವರಲ್ಲಿ ಶೇ. 3. ಇವರೆಲ್ಲ ಬದುಕುಳಿದು ಮೈಸೂರಿನಲ್ಲೇ ನೆಲೆನಿಂತವರು. ಎಳವೆಯಲ್ಲೇ ತೀರಿಕೊಂಡವರು, ಊರು ಬಿಟ್ಟವರು ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದನ್ನು ಮರೆಯುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅಷ್ಟಾಗಿ ಉಲ್ಲೇಖಗೊಳ್ಳದ 1998ರ ಲೇಖನ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೇ ಅಪಾಯ ಹೆಚ್ಚೆಂದ ಇಂಗ್ಲೆಂಡಿನ ಹಾದಿ ಹಿಡಿಯಲಿಲ್ಲ. ಕಾಯಿಲೆ ಹೆಚ್ಚಾಗಿದ್ದದ್ದು ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಬಸಿರಿನಲ್ಲಿ ತಾಯಿಗೆ ಸಕ್ಕರೆ ಅಂಶ ಏರಿದ್ದಿರಬಹುದೇ? ಹಳೆಯ ಪುಸ್ತಕ ಇದಕ್ಕೆ ಉತ್ತರ ಕೊಡಲಾರದು.

ಅದಕ್ಕೆಂದೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಕ್ಯಾರೊಲಿನ್ ಫಾಲ್, ಜಿ.ವಿ. ಕೃಷ್ಣವೇಣಿ ಮೊದಲಾದವರು ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದರು, ಸುಮಾರು ಶೇ. 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಹುಟ್ಟಿದ ಕೂಸಿನ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಚರ್ಮವನ್ನು ಚಿವುಟಿದಂತೆ ಹಿಡಿದು ಕ್ಯಾಲಿಪರ್‌ನಿಂದ ಅದರ ದಪ್ಪವನ್ನೂ ಅಳೆದರು. ತೂಕ, ಉದ್ದ, ತಲೆ ಎಲ್ಲದರಲ್ಲೂ ಮೈಸೂರಿನ ಕೂಸು ಬ್ರಿಟಿಷ್ ಕೂಸಿಗಿಂತ ಚಿಕ್ಕದು; ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಅವರ ತಂಡವೂ ಇಂಥದೇ ಕೂಸುಗಳನ್ನು ಕಂಡಿತ್ತು. ತಾಯಿಗೆ ಮಧುಮೇಹವಿದ್ದ ಮಕ್ಕಳಲ್ಲಿ ಐದರ ವಯಸ್ಸಿಗೆ ಹುಡುಗಿಯರ ಮೈಕೊಬ್ಬು, ಇನ್ಸುಲಿನ್ ಹೆಚ್ಚಿದ್ದವು. ಒಂಬತ್ತೂವರೆಗೆ ಹುಡುಗರಲ್ಲೂ ಇನ್ಸುಲಿನ್ ಪ್ರತಿರೋಧ ಕಾಣಿಸಿಕೊಂಡಿತು, ಹುಡುಗಿಯರ ಬಿಪಿ ಏರಿತ್ತು.

‘ಮಗು ಸೊರಗಿದೆ’ ಎಂದು ತುಪ್ಪ ಬಡಿಸುವ ಅಜ್ಜಿಗೂ, ಎತ್ತರ–ತೂಕ ಬರೆದು ಮುಗಿಸುವ ಶಾಲಾ ಆರೋಗ್ಯ ತಪಾಸಣೆಗೂ, ತೂಕ ಕಡಿಮೆಯಿದ್ದೂ ಮೈಯಲ್ಲಿ ಕೊಬ್ಬು ಹೊತ್ತ ಈ ಮಗು ಕಣ್ತಪ್ಪಿಸುತ್ತದೆ. 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ಹತ್ತರಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದರು. ತೆಳ್ಳಗಿನವರೂ ಆ ಲೆಕ್ಕದಲ್ಲಿದ್ದರು. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಇತ್ತೀಚೆಗೆ ಹಮ್ಮಿಕೊಂಡ ಅಧ್ಯಯನ ಮಗುವಿನ ತೂಕಕ್ಕೂ ಬಸುರಿಗೂ ಕಾಯುವುದಿಲ್ಲ. ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ಅವರ ಆರೋಗ್ಯದಿಂದ ಶುರುಮಾಡುತ್ತದೆ.