ಜಾನ್ ರೀತ್

ಜಾನ್ ಚಾರ್ಲ್ಸ್ ವಾಲ್ಷಮ್ ರೀತ್ (20 ಜುಲೈ 1889 – 16 ಜೂನ್ 1971) ಬ್ರಿಟನ್ನಿನ ಪ್ರಸಾರ ಸಂಸ್ಥೆಯಾದ ಬಿಬಿಸಿಯ ಮೊದಲ ಮಹಾನಿರ್ದೇಶಕರು. ಬಾನುಲಿಯು ಸರ್ಕಾರದ ಇಲಾಖೆಯೂ ಆಗದೆ, ಲಾಭದ ವ್ಯಾಪಾರವೂ ಆಗದೆ, ಕೇಳುಗರು ತೆರುವ ಪರವಾನಗಿ ಶುಲ್ಕದಿಂದ ನಡೆಯುವ ಸಾರ್ವಜನಿಕ ಸೇವೆಯಾಗಬೇಕೆಂಬ ಕಲ್ಪನೆಗೆ ಸಾಂಸ್ಥಿಕ ರೂಪ ಕೊಟ್ಟವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ರೀತ್ ಸ್ಕಾಟ್‌ಲೆಂಡಿನ ಸ್ಟೋನ್‌ಹೇವನ್ನಿನಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯ ಮಗನಾಗಿ ಜನಿಸಿದರು. ಗ್ಲಾಸ್ಗೋದ ರೈಲು ಎಂಜಿನ್ ಕಾರ್ಖಾನೆಯಲ್ಲಿ ತರಬೇತಿ ಪಡೆದು ಎಂಜಿನಿಯರ್ ಆದರು. ಮೊದಲ ಮಹಾಯುದ್ಧದಲ್ಲಿ, 1915ರ ಅಕ್ಟೋಬರ್‌ನಲ್ಲಿ, ಗುಂಡೇಟಿನಿಂದ ಆದ ಕೆನ್ನೆಯ ಗಾಯದ ಗುರುತು ಕೊನೆಯವರೆಗೂ ಉಳಿಯಿತು.

ಬಿಬಿಸಿ

1922ರ ಡಿಸೆಂಬರ್‌ನಲ್ಲಿ ರೀತ್ ಬಿಬಿಸಿಯ ಜನರಲ್ ಮ್ಯಾನೇಜರ್ ಆದಾಗ ಅದು ರೇಡಿಯೊ ತಯಾರಕರು ಸೇರಿ ಕಟ್ಟಿದ ಖಾಸಗಿ ಕಂಪನಿಯಾಗಿತ್ತು. ಪ್ರಸಾರದ ಅನುಭವ ಅವರಿಗೆ ಇರಲಿಲ್ಲ. ಆದರೂ ಎರಡೇ ವರ್ಷಗಳಲ್ಲಿ 'ಬ್ರಾಡ್‌ಕಾಸ್ಟ್ ಓವರ್ ಬ್ರಿಟನ್' (1924) ಎಂಬ ಗ್ರಂಥದಲ್ಲಿ ತಮ್ಮ ಧೋರಣೆಯನ್ನು ನಿರೂಪಿಸಿದರು. ಉತ್ತಮವಾದುದೆಲ್ಲ ಆದಷ್ಟು ಹೆಚ್ಚು ಮನೆಗಳಿಗೆ ತಲುಪಬೇಕೆಂಬುದೇ ಅದರ ತಿರುಳು. ಮಾಹಿತಿ, ಶಿಕ್ಷಣ, ಮನರಂಜನೆ ಎಂಬ ಮೂರು ಗುರಿಗಳು ಇಂದಿಗೂ ಅವರ ಹೆಸರಿನೊಂದಿಗೆ ಸೇರಿಕೊಂಡಿವೆ.

ಈ ಧೋರಣೆಗೆ ದೊಡ್ಡ ಪರೀಕ್ಷೆ ಎದುರಾದುದು 1926ರ ಮೇ ತಿಂಗಳ ಸಾರ್ವತ್ರಿಕ ಮುಷ್ಕರದಲ್ಲಿ. ಹೆಚ್ಚಿನ ಪತ್ರಿಕೆಗಳು ನಿಂತುಹೋದುದರಿಂದ ಜನರು ಸುದ್ದಿಗಾಗಿ ಬಾನುಲಿಯನ್ನೇ ನೆಚ್ಚಬೇಕಾಯಿತು. ಬಿಬಿಸಿಯನ್ನು ಸರ್ಕಾರವೇ ವಶಪಡಿಸಿಕೊಳ್ಳಬೇಕೆಂದು ವಿನ್‌ಸ್ಟನ್ ಚರ್ಚಿಲ್ ಒತ್ತಾಯಿಸಿದರು. ಪ್ರಧಾನಿ ಬಾಲ್ಡ್ವಿನ್ ಒಪ್ಪಲಿಲ್ಲ. ಮುಷ್ಕರನಿರತರ ಹೇಳಿಕೆಗಳೂ ಸುದ್ದಿಯಲ್ಲಿ ಬಂದವು. ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಯಿತು: ಬಾಲ್ಡ್ವಿನ್ ರೀತ್ ಅವರ ಮನೆಯಿಂದಲೇ ಭಾಷಣ ಮಾಡಿದರೆ, ಲೇಬರ್ ಪಕ್ಷದ ನಾಯಕ ರಾಮ್ಸೆ ಮ್ಯಾಕ್ಡೊನಾಲ್ಡ್ ಅವರಿಗೆ ಅವಕಾಶ ಸಿಗಲಿಲ್ಲ. ಬಿಬಿಸಿ ಪೂರ್ಣ ನಿಷ್ಪಕ್ಷಪಾತಿಯಾಗಿರಲಾರದೆಂದು ಸರ್ಕಾರಕ್ಕೆ ನಂಬಿಕೆಯಿತ್ತೆಂದು ರೀತ್ ಸ್ವತಃ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಸಂಸ್ಥೆ ಉಳಿದುಕೊಂಡಿತು, 1927ರ ಜನವರಿ 1ರಂದು ರಾಜಸನ್ನದಿನ ಮೂಲಕ ಸಾರ್ವಜನಿಕ ನಿಗಮವಾಯಿತು.

ರೀತ್ ಅವರ ಆಡಳಿತದಲ್ಲಿ 1932ರಲ್ಲಿ ಎಂಪೈರ್ ಸರ್ವಿಸ್, 1936ರಲ್ಲಿ ದೂರದರ್ಶನ ಪ್ರಸಾರ ಆರಂಭವಾದವು. ಶಿಸ್ತು ಮಾತ್ರ ಉಸಿರುಗಟ್ಟಿಸುವಂತಿತ್ತು. ಮುಖ್ಯ ಎಂಜಿನಿಯರ್ ಪೀಟರ್ ಎಕರ್ಸ್ಲಿ ವಿಚ್ಛೇದನ ಪ್ರಕರಣದ ಕಾರಣ 1929ರಲ್ಲಿ ಹುದ್ದೆ ಬಿಡಬೇಕಾಯಿತು.

ಭಾರತದ ನಂಟು

ಭಾರತದ ಪ್ರಸಾರ ವ್ಯವಸ್ಥೆಯನ್ನು ರೂಪಿಸಲು 1935ರಲ್ಲಿ ಬಿಬಿಸಿಯಿಂದ ಬಂದವರು ಲಯೊನೆಲ್ ಫೀಲ್ಡನ್. ಅವರ ಕಾಲದಲ್ಲೇ, 1936ರಲ್ಲಿ, ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದಿತು. ಆದರೆ ಅದು ಬಿಬಿಸಿಯಂತೆ ಸ್ವಾಯತ್ತ ನಿಗಮವಾಗದೆ ಸರ್ಕಾರದ ಅಧೀನದಲ್ಲೇ ಉಳಿಯಿತು. ಪ್ರಸಾರ ಭಾರತಿ ಕಾರ್ಯಾರಂಭ ಮಾಡಿದ್ದು 1997ರಲ್ಲಿ. 1935ರಲ್ಲೇ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಖಾಸಗಿಯಾಗಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರು 'ಆಕಾಶವಾಣಿ'.

ನಂತರದ ವರ್ಷಗಳು

1938ರಲ್ಲಿ ಬಿಬಿಸಿ ತೊರೆದ ರೀತ್ ಇಂಪೀರಿಯಲ್ ಏರ್‌ವೇಸ್‌ನ ಅಧ್ಯಕ್ಷರಾದರು. 1940ರಲ್ಲಿ ಸಚಿವರಾದರಾದರೂ 1942ರಲ್ಲಿ ಚರ್ಚಿಲ್ ಅವರನ್ನು ಸಂಪುಟದಿಂದ ಕೈಬಿಟ್ಟರು. 1952ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಜಾಹೀರಾತು ಆಧಾರಿತ ಪ್ರಸಾರವನ್ನು ಸಿಡುಬು, ಪ್ಲೇಗುಗಳಿಗೆ ಹೋಲಿಸಿ ವಿರೋಧಿಸಿದರು, ವಿರೋಧ ಫಲಿಸಲಿಲ್ಲ. ಮರಣಾನಂತರ 1975ರಲ್ಲಿ ಪ್ರಕಟವಾದ ದಿನಚರಿಗಳು ಯುದ್ಧಪೂರ್ವದಲ್ಲಿ ಹಿಟ್ಲರನ ಬಗ್ಗೆ ಅವರಿಗಿದ್ದ ಮೆಚ್ಚುಗೆಯನ್ನೂ ಬಯಲು ಮಾಡಿದವು. ಅವರ ಗೌರವಾರ್ಥ ಬಿಬಿಸಿ 1948ರಲ್ಲಿ ಆರಂಭಿಸಿದ ರೀತ್ ಉಪನ್ಯಾಸಮಾಲೆಯ ಮೊದಲ ಉಪನ್ಯಾಸಕಾರರು ಬರ್ಟ್ರಂಡ್ ರಸೆಲ್.